ನಾಲ್ಕು ಮೂಲೆಗೂ ಅರಿಶಿನ

ಮನೆತನದಲ್ಲಿ ಮೊದಲು ಪದವಿ ಪಡೆದವನಿಗೆ ಒಂದು ಕಷ್ಟವಿದೆ. ಯಾರು ಏನು ಕೇಳಿದರೂ ಅವನು ಉತ್ತರ ಹೇಳಲೇಬೇಕು. ಮೂರು ತಲೆಮಾರಿನಿಂದ ಓದಿಕೊಂಡು ಬಂದವರ ಮನೆಯ ಹುಡುಗ "ನನಗೆ ಗೊತ್ತಿಲ್ಲ" ಎಂದರೆ ಜನ ಅದನ್ನು ವಿನಯ ಎನ್ನುತ್ತಾರೆ. ಅದೇ ಮಾತನ್ನು ನಾನು ಅಂದರೆ, "ಹಂಗಾರೆ ಅಷ್ಟು ವರ್ಷ ಹೋಗಿ ಓದಿದ್ದು ಏನ್ಲಾ?" ಎಂಬ ಪ್ರಶ್ನೆ ಬರುತ್ತದೆ. ನಾನು ಬಿ.ಎಸ್ಸಿ. ಪಾಸಾದ ವಾರದಲ್ಲಿ ನಮ್ಮ ಇಟ್ಟಮಡುವಿನಲ್ಲಿ ಜನ ನನ್ನನ್ನು ಕೇಳದ ಪ್ರಶ್ನೆಯಿಲ್ಲ. ಎಮ್ಮೆ ಏಕೆ ಮೇವು ಬಿಟ್ಟಿದೆ, ಕಚೇರಿಯಿಂದ ಬಂದ ಕಾಗದದಲ್ಲಿ ಏನಿದೆ, ವಿಮಾನ ರೆಕ್ಕೆ ಬಡಿಯದೆ ಹೇಗೆ ಹಾರುತ್ತದೆ. ನಾನು ಓದಿದ್ದು ಸಸ್ಯಶಾಸ್ತ್ರ. ಆದರೂ ಮೂರಕ್ಕೂ ಉತ್ತರ ಹೇಳಿದೆ. ಎಮ್ಮೆಯ ಪುಣ್ಯ, ಅದು ತಾನಾಗಿಯೇ ಹುಷಾರಾಯಿತು.

ಹೀಗೆ ಗೊತ್ತಿಲ್ಲದ್ದಕ್ಕೆ ಉತ್ತರ ಹೇಳುವ ಚಟ ನನ್ನನ್ನು ಒಮ್ಮೆ ಎಂಥ ಅಂಚಿಗೆ ತಂದು ನಿಲ್ಲಿಸಿತೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. ಅದಕ್ಕೆ ಮುಂಚೆ ಒಂದು ಮಾತು. ನನ್ನ ಪದವಿಯ ಬಗ್ಗೆ ನಾನೇ ತಮಾಷೆ ಮಾಡಬಹುದು, ಬೇರೆಯವರು ಮಾಡಿದರೆ ಸಹಿಸುವುದಿಲ್ಲ. ಮನೆಯಲ್ಲಿ ಸೈಕಲ್ ಇರಲಿಲ್ಲ. ಹೊಲದ ಬದು, ಕೆರೆ ಏರಿ, ಜಯನಗರಕ್ಕೆಂದು ಕಲ್ಲು ನೆಟ್ಟು ಬಿಟ್ಟಿದ್ದ ಖಾಲಿ ಸೈಟುಗಳು, ಇವನ್ನೆಲ್ಲ ದಾಟಿ ನಡೆದೇ ಕಾಲೇಜು ಮುಗಿಸಿದೆ. ಇಂಗ್ಲಿಷಿನಲ್ಲಿ ಒಮ್ಮೆ ಬಿದ್ದು ಎದ್ದೆ. ಆ ಪದವಿಯಲ್ಲಿ ಅರ್ಧ ನನ್ನ ತಲೆಯದಾದರೆ ಅರ್ಧ ನನ್ನ ಕಾಲುಗಳದು. ಅಪ್ಪ ಹೊಲದಲ್ಲಿ ಬಿತ್ತುವುದನ್ನೇ ನಾನು ಕಾಲೇಜಿನಲ್ಲಿ ಲ್ಯಾಟಿನ್ ಹೆಸರಿನಲ್ಲಿ ಓದಿದೆ ಎಂಬುದು ಬೇರೆ ವಿಷಯ.

ಕೆಲಸ ಸಿಕ್ಕಿದ್ದು ಸಿದ್ದಾಪುರದ ಒಂದು ಬೀಜದ ಅಂಗಡಿಯಲ್ಲಿ. ಅಂಗಡಿ ಎಂದರೆ ಬರೀ ಗಲ್ಲಾಪೆಟ್ಟಿಗೆಯ ಅಂಗಡಿಯಲ್ಲ. ಲಾಲ್‌ಬಾಗಿನ ಗೋಡೆಯಾಚೆ ತಲೆಮಾರುಗಳಿಂದ ಹೂವಿನ ಗಿಡ ಬೆಳೆಸಿಕೊಂಡು ಬಂದ ಮನೆತನ ಅದು. ಯಜಮಾನರಾದ ವೆಂಕಟಪ್ಪನವರು ಗಿಡದ ಜೊತೆಗೆ ಬೀಜವನ್ನೂ ಮಾರತೊಡಗಿ, ಅದನ್ನು ಅಂಚೆಯಲ್ಲಿ ಕಳಿಸತೊಡಗಿ, ಮೈಸೂರು ರಾಜ್ಯದ ಊರೂರುಗಳಲ್ಲಿ ಗಿರಾಕಿಗಳನ್ನು ಸಂಪಾದಿಸಿದ್ದರು. ಪ್ರತಿ ವರ್ಷ ಮುಂಗಾರಿಗೆ ಮುಂಚೆ, ಯಾರಿಗೆ ಯಾವ ಬೀಜ ಬೇಕೋ ಆ ಪೊಟ್ಟಣ ಅವರ ಮನೆಗೆ ವಿ.ಪಿ.ಯಲ್ಲಿ, ಎಂದರೆ ಅಂಚೆಯವನಿಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಹಾಗೆ, ಹೋಗಬೇಕು. ಮಳೆ ಬಿದ್ದ ಮೇಲೆ ಹೋದರೆ ಪೊಟ್ಟಣ ವಾಪಸು ಬರುತ್ತದೆ, ಗಿರಾಕಿ ವಾಪಸು ಬರುವುದಿಲ್ಲ. ನನ್ನನ್ನು ಅಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಯಜಮಾನರಿಗೆ ನಾನು "ಬಿಎಸ್ಸಿ". ಪೊಟ್ಟಣ ಕಟ್ಟುವ ಹೆಂಗಸರಿಗೆ "ಬಿಎಸ್ಸಿ ಸಾರ್". ನನಗೆ ಒಳಗೊಳಗೇ ಖುಷಿ.

ಯಾರಿಗೆ ಯಾವ ಬೀಜ ಎಂಬುದೆಲ್ಲ ಇದ್ದದ್ದು ಒಂದೇ ಕಡೆ, ಹಳೆಯ ಗುಮಾಸ್ತರಾದ ಗುಂಡೂರಾಯರ ತಲೆಯಲ್ಲಿ. ಬಸವನಗುಡಿಯಿಂದ ಕೋಟು, ಕೊಡೆ, ನಶ್ಯದ ಡಬ್ಬಿ ಸಮೇತ ದಿನಾ ನಡೆದು ಬರುತ್ತಿದ್ದರು. ಮೇಜಿನ ಮೇಲೆ ಕಾಗದ ಚುಚ್ಚುವ ತಂತಿಯೊಂದು ನಿಂತಿರುತ್ತಿತ್ತು. ಗಿರಾಕಿಯ ಕಾರ್ಡು ಬಂದರೆ ಓದುತ್ತಿದ್ದರು, ತಂತಿಗೆ ಚುಚ್ಚುತ್ತಿದ್ದರು, ಮತ್ತೆ ಅದನ್ನು ತಿರುಗಿ ನೋಡುತ್ತಿರಲಿಲ್ಲ. "ತಿಪಟೂರಿನ ಪಟೇಲರಿಗೆ ಹೀರೆ ಬೇಡ ಕಣಯ್ಯ, ಹೋದ್ಸಲ ಹುಳ ಬಿತ್ತು ಅಂತ ಬೈದು ಬರೆದಿದಾರೆ. ಕನಕಪುರದ ಮೇಷ್ಟ್ರಿಗೆ ಮೆಣಸಿನಕಾಯಿ ಎರಡು ಪೊಟ್ಟಣ ಹಾಕು, ಅವರ ಅಳಿಯನೂ ಈಗ ಅಲ್ಲೇ ಇದಾನೆ." ಹೀಗೆ ಬಾಯಲ್ಲೇ ಹೇಳಿಕೊಂಡು ಹೋಗುತ್ತಿದ್ದರು, ಉಳಿದವರು ಬರೆದುಕೊಳ್ಳುತ್ತಿದ್ದರು. ನಾನು ಸೇರುವ ಹಿಂದಿನ ವರ್ಷ ಅವರಿಗೆ ಸರಿಯಾಗಿ ಮುಂಗಾರಿಗೆ ಮುಂಚೆ ಟೈಫಾಯ್ಡ್ ಬಂತು. ಇಡೀ ಅಂಗಡಿಗೇ ಜ್ವರ ಬಂದಂತಾಯಿತು. ಯಜಮಾನರು ಮೂಸಂಬಿ ಹಿಡಿದು ರಾಯರ ಮಂಚದ ಪಕ್ಕ ಕೂತು, ಜ್ವರದ ಮಧ್ಯೆ ಅವರು ಏನು ಬಡಬಡಿಸಿದರೂ ಬರೆದುಕೊಂಡರಂತೆ. ಆ ವರ್ಷ ರಾಯರ ಸೋದರತ್ತೆಯ ವಿಳಾಸಕ್ಕೂ ಒಂದು ಪೊಟ್ಟಣ ಬದನೆ ಬೀಜ ಹೋಯಿತು. ಆಕೆ ತೀರಿಕೊಂಡು ಹತ್ತು ವರ್ಷವಾಗಿತ್ತು.

ಆ ಪೊಟ್ಟಣ ವಾಪಸು ಬಂದ ದಿನವೇ ಯಜಮಾನರು ಹೊಸ ವ್ಯವಸ್ಥೆ ಮಾಡಲೇಬೇಕೆಂದು ತೀರ್ಮಾನಿಸಿದ್ದು. ನಾನು ಸೇರಿದ ತಿಂಗಳಲ್ಲಿ ಮದ್ರಾಸಿನಿಂದ ಒಬ್ಬ ಸೇಲ್ಸ್‌ಮನ್ ಚರ್ಮದ ಪೆಟ್ಟಿಗೆ ಹಿಡಿದು ಬಂದ. ಪೆಟ್ಟಿಗೆಯಿಂದ ತೆಗೆದದ್ದು ಒಂದು ಕಟ್ಟು ದಪ್ಪ ಕಾರ್ಡು. ಪ್ರತಿ ಕಾರ್ಡಿನ ಅಂಚಿನುದ್ದಕ್ಕೂ ಸಾಲಾಗಿ ತೂತುಗಳು. "ಸಾರ್, ಇದು ಕಾರ್ಡ್ ಅಂತ ನೆನಚ್ಕೋಬೇಡಿ. ಇದು ಮೆದುಳು. ಫಾರಿನ್ ಮೆದುಳು!" ಎಂದ. ಒಬ್ಬ ಗಿರಾಕಿಗೆ ಒಂದು ಕಾರ್ಡು. ಮೊದಲನೇ ತೂತು ಹೀರೆಕಾಯಿ ಎಂದಿಟ್ಟುಕೊಳ್ಳಿ. ಹೀರೆ ಬೇಕೆಂದವನ ಕಾರ್ಡಿನಲ್ಲಿ ಆ ತೂತಿನಿಂದ ಅಂಚಿನವರೆಗೆ ಕತ್ತರಿಸಿ ಬಾಯಿ ತೆರೆಯುವುದು. ಅದಕ್ಕೆ ಬಸ್ ಕಂಡಕ್ಟರನ ಕೈಯಲ್ಲಿರುವಂಥ ಒಂದು ಕತ್ತರಿ. ಬೇಡವೆಂದವನದು ಬರೀ ತೂತಾಗಿಯೇ ಉಳಿಯುತ್ತದೆ. ಎಲ್ಲ ಕಾರ್ಡುಗಳನ್ನೂ ಒಟ್ಟಿಗೆ ಜೋಡಿಸಿ, ಹೀರೆಯ ತೂತಿನಲ್ಲಿ ದಬ್ಬಣದಂಥ ಉದ್ದನೆಯ ಸೂಜಿ ತೂರಿಸಿ, ಮೇಲೆತ್ತಿ ಅಲ್ಲಾಡಿಸಿದರೆ ಸಾಕು. ಹೀರೆ ಬೇಕಾದವರೆಲ್ಲ ಕೆಳಗೆ ಉದುರುತ್ತಾರೆ, ಬೇಡವಾದವರು ಸೂಜಿಗೇ ನೇತಾಡುತ್ತಾರೆ!

ಆತ ಅಲ್ಲಾಡಿಸಿದ. ಕಾರ್ಡುಗಳು ಪಟಪಟನೆ ಉದುರಿದವು. ನನ್ನ ಮೈಯೆಲ್ಲ ಜುಂ ಎಂದಿತು. ಸುಳ್ಳು ಹೇಳುವುದಿಲ್ಲ, ಕಾಲೇಜಿನಲ್ಲಿ ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಈರುಳ್ಳಿ ಸಿಪ್ಪೆಯ ಕೋಶಗಳನ್ನು ನೋಡಿದಾಗಲೂ ಅಷ್ಟು ಪುಳಕವಾಗಿರಲಿಲ್ಲ. ಯಜಮಾನರು ಬಾಯಿ ತೆರೆದುಕೊಂಡು, "ಇನ್ನೊಂದ್ಸಲ ಅಳ್ಳಾಡ್ಸಿ" ಎಂದರು. ಆತ ಏಳು ಸಲ ಅಲ್ಲಾಡಿಸಿದ. ಎಂಟನೆಯ ಸಲ ನಾನು ಅಲ್ಲಾಡಿಸಿದೆ. ಯಜಮಾನರು ಅಲ್ಲೇ ಹೇಳಿದರು: "ನೋಡ್ರೀ ಬಿಎಸ್ಸಿ, ಇದು ನಿಮ್ ಜವಾಬ್ದಾರಿ. ಮುಂಗಾರಿಗೆ ಮುಂಚೆ ಪೊಟ್ಟಣ ಎಲ್ಲ ಸರಿಯಾಗಿ ಅಂಚೆಗೆ ಬಿದ್ರೆ ನೀವು ಖಾಯಂ. ಬೀಳಲಿಲ್ಲ ಅಂದ್ರೆ ನಿಮ್ಮಪ್ಪನ ಹೊಲ ಇದ್ದೇ ಇದೆ." ಗುಂಡೂರಾಯರು ನಶ್ಯ ಏರಿಸಿ, "ಮೆದುಳಿಗೆ ತೂತು ಬಿದ್ರೆ ಹುಚ್ಚು ಅಂತಾರೆ ನಮ್ ಕಡೆ" ಎಂದಷ್ಟೇ ಹೇಳಿ ಮೇಜಿಗೆ ಹೋದರು.

ಆದರೆ ರಾಯರಿಲ್ಲದೆ ಕಾರ್ಡು ತುಂಬುವುದು ಹೇಗೆ? ಎರಡು ತಿಂಗಳು ನಾನು ಅವರ ಪಕ್ಕದಲ್ಲಿ ಕತ್ತರಿ ಹಿಡಿದು ಕೂತೆ. ಮೇಲಂಚಿನ ತೂತುಗಳು ತರಕಾರಿಗೆ, ಕೆಳಗಂಚಿನವು ಹೂವಿಗೆ ಎಂದು ಪಟ್ಟಿ ಮಾಡಿಕೊಂಡಿದ್ದೆ. ನಾನು ಕೇಳುವುದು, "ರಾಯರೇ, ಮಾಲೂರಿನ ಚನ್ನಪ್ಪ, ಬೆಂಡೆಯೋ ಬದನೆಯೋ?" ಅವರು ಹೇಳುವುದು, "ಚನ್ನಪ್ಪಂದು ದೊಡ್ಡ ಕಥೆ ಕಣಯ್ಯ." ಕಥೆ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಚನ್ನಪ್ಪನ ಅಣ್ಣತಮ್ಮಂದಿರ ಪಾಲು, ಬಾವಿ ಯಾರ ಕಡೆಗೆ ಹೋಯಿತು, ನೀರಿಲ್ಲದ್ದರಿಂದ ಬೆಂಡೆ ಬಿಟ್ಟು ಹುರುಳಿ ಹಾಕಿದ್ದು, ಕೊನೆಗೆ "ಈಗ ಬೆಂಡೆ." ಇಷ್ಟಕ್ಕೆ ನನ್ನ ಕತ್ತರಿ ಒಂದು ಸಲ ಕಚಕ್ ಎನ್ನುತ್ತಿತ್ತು. "ಅಷ್ಟೇನಾ?" ಎಂದು ಅವರು ಕಾರ್ಡನ್ನೇ ನೋಡುವರು. "ಅಷ್ಟು ಹೇಳಿದ್ದಕ್ಕೆ ಒಂದೇ ಕಚಕ್ಕಾ? ಅವನು ಬೈದು ಬರೀತಾನೆ ಅನ್ನೋದಕ್ಕೆ ತೂತೆಲ್ಲಿ?" ಅವರ ಸಮಾಧಾನಕ್ಕೆ ಬಲಗಡೆ ಒಂದು ತೂತನ್ನು ಸಿಟ್ಟಿಗೆಂದು ಮೀಸಲಿಟ್ಟೆ. ಮಾರನೆಯ ದಿನ ಬಂದವರೇ ಜಿಪುಣರಿಗೂ ಒಂದು ಬೇಕೆಂದರು. ಒಂದು ಸಂಜೆ ಮಾತ್ರ ಕೋಟು ಹಾಕಿಕೊಳ್ಳುತ್ತಾ, "ದಿನಾ ಇಷ್ಟಿಷ್ಟು ನನ್ನ ತಲೆ ಖಾಲಿ ಮಾಡ್ತಿದೀಯಲ್ಲಯ್ಯಾ. ಪೂರ್ತಿ ಖಾಲಿ ಆದ್ಮೇಲೆ ನಾನೆಲ್ಲಿ ಕೂತ್ಕೊಳ್ಳಲಿ?" ಎಂದರು. ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ.

ಕಾರ್ಡುಗಳೆಲ್ಲ ತಯಾರಾದವು. ನಮ್ಮ ಯಜಮಾನರ ಮನೆಯಲ್ಲಿ ಹೊಸ ಗುದ್ದಲಿ ತಂದರೂ ಪೂಜೆಯಿಲ್ಲದೆ ಮಣ್ಣಿಗಿಳಿಸುವುದಿಲ್ಲ. ಅವರ ಹೆಂಡತಿ ಲಕ್ಷ್ಮಮ್ಮನವರು, ನಮಗೆಲ್ಲ ಅಮ್ಮಾವ್ರು, ಪಂಚಾಂಗ ನೋಡಿಸಿ ಒಂದು ಶುಕ್ರವಾರ ಗೊತ್ತು ಮಾಡಿದರು. ಹಿಂದಿನ ವಾರ ಅರಿಶಿನದ ಬಟ್ಟಲು ಹಿಡಿದು ಬಂದು ಒಂದು ಕಾರ್ಡನ್ನು ಎತ್ತಿಕೊಂಡು ನೋಡಿ ಮುಖ ಕಿವುಚಿದರು. "ಇದೇನಪ್ಪ ಬಿಎಸ್ಸಿ, ಒಂದು ಮೂಲೆ ಮುಕ್ಕಾಗಿದೆಯಲ್ಲ?" ನಿಜ, ಪ್ರತಿ ಕಾರ್ಡಿನ ಬಲಗಡೆಯ ಮೇಲಿನ ಮೂಲೆ ಓರೆಯಾಗಿ ಕತ್ತರಿಸಿತ್ತು. ನಾನೂ ನೋಡಿದ್ದೆ. ಏಕೆಂದು ನನಗೆ ಗೊತ್ತಿರಲಿಲ್ಲ. ಜೊತೆಯಲ್ಲಿ ಬಂದಿದ್ದ ಇಂಗ್ಲಿಷ್ ಪುಸ್ತಕದಲ್ಲಿ ಬರೆದಿರಬಹುದು. ನಾನು ಚಿತ್ರವಿದ್ದ ಪುಟಗಳನ್ನು ಮಾತ್ರ ಓದಿದ್ದೆ. ಅಲ್ಲಿ ಹೆಂಗಸರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಅದು ಗಾಳಿ ಆಡೋದಕ್ಕೆ ಅಮ್ಮಾ. ಕಟ್ಟಿನೊಳಗೆ ತೇವ ನಿಲ್ಲಬಾರದು ನೋಡಿ," ಎಂದುಬಿಟ್ಟೆ. ಎಷ್ಟು ಚೆನ್ನಾಗಿ ಹೇಳಿದೆನೆಂದರೆ ನನಗೇ ನಂಬಿಕೆ ಬಂತು.

ಅಮ್ಮಾವ್ರು ಬಿಡಲಿಲ್ಲ. "ಗಾಳಿ ಇರಲಿ. ಶುಭಕ್ಕೆ ನಾಲ್ಕು ಮೂಲೆಗೂ ಅರಿಶಿನ ಹಚ್ಬೇಕು. ಮೂರು ಮೂಲೆಗೆ ಹಚ್ಚಿದ ಲಗ್ನಪತ್ರಿಕೆ ನಿಮ್ಮನೇಗೆ ಬಂದ್ರೆ ನೀವು ಮದುವೆಗೆ ಹೋಗ್ತೀರಾ? ನುಚ್ಚಕ್ಕಿಲಿ ಅಕ್ಷತೆ ಮಾಡ್ತಾರಾ?" ಎಂದರು. ಅಂಗಡಿಯಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕೆಂಬುದು ಕೊನೆಗೆ ಅಮ್ಮಾವ್ರ ಮಾತಿನ ಮೇಲೇ ನಿಲ್ಲುತ್ತದೆಂದು ಎಲ್ಲರಿಗೂ ಗೊತ್ತು. ಕತ್ತರಿಸಿದ ಮೂಲೆಯನ್ನು ಮತ್ತೆ ಬೆಳೆಸುವುದು ಸಸ್ಯಶಾಸ್ತ್ರಕ್ಕೂ ಸಾಧ್ಯವಿಲ್ಲ. ಆಗ ನನ್ನ ತಲೆಗೆ ಮಿಂಚಿನಂತೆ ಒಂದು ಉಪಾಯ ಹೊಳೆಯಿತು. ಮುಕ್ಕನ್ನು ತುಂಬಲಾಗದಿದ್ದರೆ ಉಳಿದ ಮೂರನ್ನೂ ಹಾಗೇ ಕತ್ತರಿಸಿಬಿಟ್ಟರೆ? ನಾಲ್ಕೂ ಸಮ! ಗಾಳಿಯೂ ನಾಲ್ಕು ಕಡೆಯಿಂದ ಆಡುತ್ತದೆ. ಅದೇ ಸಂಜೆ ಕಟ್ಟುಗಳನ್ನೆಲ್ಲ ಪಕ್ಕದ ಬೀದಿಯ ಪ್ರೆಸ್ಸಿಗೆ ಹೊರಿಸಿ, ಕಾಗದ ಕತ್ತರಿಸುವ ಯಂತ್ರಕ್ಕೆ ಕೊಡಿಸಿ, ನಾಲ್ಕೂ ಮೂಲೆ ಒಂದೇ ಅಳತೆಗೆ ಮಾಡಿಸಿಕೊಂಡು ಬಂದೆ. ಅಮ್ಮಾವ್ರು ಸಂತೋಷಪಟ್ಟು, "ಓದಿದೋರು ಓದಿದೋರೇ ಕಣಮ್ಮ," ಎಂದು ಹೆಂಗಸರಿಗೆ ಹೇಳಿದರು. ಆ ರಾತ್ರಿ ಇಟ್ಟಮಡುವಿಗೆ ನಡೆದದ್ದೋ ಹಾರಿದ್ದೋ ನೆನಪಿಲ್ಲ.

ಗುರುವಾರ ಹಿತ್ತಲಿನಲ್ಲಿ ಚಾಪೆ ಹಾಸಿ, ಹೆಂಗಸರೆಲ್ಲ ಕೂತು ಹಾಡು ಹೇಳಿಕೊಂಡು ಒಂದೊಂದು ಕಾರ್ಡಿಗೂ ನಾಲ್ಕು ಬೊಟ್ಟು ಅರಿಶಿನ ಇಟ್ಟು ಹಪ್ಪಳದ ಹಾಗೆ ಬಿಸಿಲಿಗೆ ಹರವಿದರು. ಹಳದಿ ಅಂಚಿನ ಕಾರ್ಡುಗಳು ಹಿತ್ತಲ ತುಂಬ. ನೋಡಲು ಎರಡು ಕಣ್ಣು ಸಾಲದು. ಸಂಜೆ ಒಣಗಿದ್ದನ್ನು ಗುಡಿಸಿ ಎತ್ತಿ ಕಟ್ಟು ಕಟ್ಟಿದೆವು. ಶುಕ್ರವಾರ ಮಂಗಳಾರತಿಯಾಯಿತು. ಮದ್ರಾಸಿನ ಸೇಲ್ಸ್‌ಮನ್ನನನ್ನೂ ಕರೆಸಿದ್ದರು, ಆದರೆ ಆತನ ರೈಲು ತಡವಾಗಿತ್ತು. ಕಾಯುವಷ್ಟು ತಾಳ್ಮೆ ಯಾರಿಗಿತ್ತು? ನಾನು ಸೂಜಿ ತೂರಿಸಿ ಎತ್ತಿ ಅಲ್ಲಾಡಿಸಿದೆ. ಹೀರೆಯವರು ಉದುರಿದರು! ಬೆಂಡೆಯವರು ಉದುರಿದರು! ಯಜಮಾನರು ಚಪ್ಪಾಳೆ ತಟ್ಟಿದರು. ಉದುರಿದ ಕಾರ್ಡು ನೋಡಿ ವಿಳಾಸ ಬರೆಯುವುದು, ಪೊಟ್ಟಣ ಕಟ್ಟುವುದು, ಗೋಣಿಚೀಲಕ್ಕೆ ತುಂಬುವುದು. ಹಿಂದೆ ಒಂದು ವಾರ ಹಿಡಿಯುತ್ತಿದ್ದ ಕೆಲಸ ಮಧ್ಯಾಹ್ನದೊಳಗೆ ಮುಗಿಯುವ ಹಾಗಿತ್ತು. ಎಷ್ಟೋ ಕಾರ್ಡುಗಳಲ್ಲಿ ವಿಳಾಸ ತಲೆಕೆಳಗಾಗಿತ್ತು. ಕೈ ತಾನಾಗಿಯೇ ಅದನ್ನು ತಿರುಗಿಸಿಕೊಂಡು ಓದಿತು. ಏಕೆ ತಲೆಕೆಳಗಾಯಿತೆಂದು ಯಾರೂ ಕೇಳಲಿಲ್ಲ. ಅಂಥ ಸಂಭ್ರಮ.

ಗುಂಡೂರಾಯರಿಗೆ ಮಾತ್ರ ಕೆಲಸವಿರಲಿಲ್ಲ. ಅಭ್ಯಾಸಬಲದಿಂದ ಎದ್ದು ಬಂದು, ಅಂಚೆಗೆ ಹೊರಟಿದ್ದ ಈರುಳ್ಳಿ ಬೀಜದ ಚೀಲದೊಳಗೆ ಕೈ ಹಾಕಿ ವಿಳಾಸಗಳನ್ನು ಓದುತ್ತಾ ನಿಂತರು. ನಿಂತವರು ಹಾಗೇ ಕೂತುಬಿಟ್ಟರು.

"ಏನಯ್ಯಾ ಇದು? ಮಾಗಡಿ ಕಡೆ ದೇವಸ್ಥಾನದ ಭಟ್ಟರಿಗೆ ಈರುಳ್ಳಿ ಬೀಜ?"

"ಕಾರ್ಡ್ ಉದುರಿದೆ ರಾಯರೇ. ಕಾರ್ಡ್ ತಪ್ಪು ಮಾಡಲ್ಲ."

"ಅವರ ಬೀದೀಲಿ ಈರುಳ್ಳಿ ಗಾಡಿ ಹೋದ್ರೆ ಕಿಟಕಿ ಹಾಕ್ಕೊಳ್ಳೋ ಜನ ಕಣಯ್ಯ ಅವರು! ಇಪ್ಪತ್ತು ವರ್ಷದಿಂದ ಚೆಂಡುಹೂವು ಬಿಟ್ಟು ಬೇರೆ ತರಿಸಿಲ್ಲ." ಇನ್ನೊಂದು ಚೀಲಕ್ಕೆ ಕೈ ಹಾಕಿದರು. "ಇದು ನೋಡು, ಕೋಲಾರದ ಕಡೆ ಈರುಳ್ಳಿ ಬೆಳೆಯೋ ಮುನಿಸ್ವಾಮಿಗೆ ಚೆಂಡುಹೂವು. ಅವನೇನು ಮುಡ್ಕೊಂಡು ಓಡಾಡ್ತಾನಾ?"

ಸರಿಯಾಗಿ ಆಗಲೇ ಮದ್ರಾಸಿನವನು ಬೆವರೊರೆಸಿಕೊಳ್ಳುತ್ತಾ ಒಳಗೆ ಬಂದ. ಕಾರ್ಡೊಂದನ್ನು ಎತ್ತಿಕೊಂಡ. ತಿರುಗಿಸಿದ. ಮತ್ತೆ ತಿರುಗಿಸಿದ. "ಅಯ್ಯೋ ಸಾರ್! ಕಾರ್ನರ್ ಎಲ್ಲಿ? ಯಾರು ಎಲ್ಲಾ ಕಾರ್ನರ್ ಕಟ್ ಮಾಡಿದ್ದು?" ಆಮೇಲೆ ಆತ ತಲೆಯ ಮೇಲೆ ಕೈ ಹೊತ್ತು ವಿವರಿಸಿದ್ದು ಇಷ್ಟು. ಎಲ್ಲ ಕಾರ್ಡೂ ಒಂದೇ ದಿಕ್ಕಿಗೆ ಇದೆಯೇ ಎಂದು ತಿಳಿಯಲಿಕ್ಕೇ ಒಂದು ಮೂಲೆ ಕತ್ತರಿಸಿರುವುದು. ಒಂದು ಕಾರ್ಡು ತಲೆಕೆಳಗಾಗಿ ಸೇರಿದರೆ ಅದರ ಮೂಲೆ ಕಟ್ಟಿನಿಂದ ಹೊರಗೆ ಚಾಚಿಕೊಂಡು ಕಾಣುತ್ತದೆ. ನಾಲ್ಕೂ ಕತ್ತರಿಸಿದ ಮೇಲೆ ಯಾವುದೂ ಚಾಚುವುದಿಲ್ಲ. ತಲೆಕೆಳಗಾದ ಕಾರ್ಡಿನಲ್ಲಿ ಈರುಳ್ಳಿಯ ತೂತು ಇರಬೇಕಾದ ಜಾಗಕ್ಕೆ ಚೆಂಡುಹೂವಿನ ತೂತು ಬಂದು ಕೂರುತ್ತದೆ. ಹಿತ್ತಲಿನಲ್ಲಿ ಒಣಗಿಸಿ ಗುಡಿಸಿ ಎತ್ತಿದಾಗ ಅರ್ಧಕ್ಕರ್ಧ ಜನ ತಲೆಕೆಳಗಾಗಿದ್ದರು.

ಯಜಮಾನರು ಎಲ್ಲರ ಮುಖವನ್ನೂ ನೋಡಿದರು. "ಪ್ರೆಸ್ಸಿನೋರು ಕತ್ತರಿಸಿಬಿಟ್ರಾ?" ಎಂದು ಕೇಳಿದರು. ನನ್ನ ಬಾಯಲ್ಲಿ "ಹೌದು" ಎಂಬುದು ಮುಕ್ಕಾಲು ಭಾಗ ಬಂದಿತ್ತು. ಹೊರಗೆ ಮೋಡ ಕಟ್ಟಿತ್ತು. ಖಾಯಂ ಎಂಬ ಎರಡಕ್ಷರ ನನ್ನ ಕಣ್ಣ ಮುಂದೆಯೇ ಮೋಡದೊಳಕ್ಕೆ ಹೋಗುತ್ತಿತ್ತು. "ನಾನೇ ಕತ್ತರಿಸೋಕೆ ಕೊಟ್ಟಿದ್ದು ಸಾರ್," ಎಂದೆ. "ಗಾಳಿ ಆಡೋದಕ್ಕೆ ಅಂದದ್ದೂ ಸುಳ್ಳು. ಆ ಮೂಲೆ ಏಕೆ ಅಂತ ನನಗೆ ಗೊತ್ತಿರಲಿಲ್ಲ."

"ಗೊತ್ತಿಲ್ಲ ಅನ್ನೋದನ್ನ ಬಿಎಸ್ಸೀಲಿ ಹೇಳ್ಕೊಡಲ್ವೇನ್ರೀ?" ಎಂದರು ಯಜಮಾನರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಅಮ್ಮಾವ್ರು ಮಾತ್ರ ನಗದೆ ಕಾರ್ಡನ್ನೇ ನೋಡುತ್ತಿದ್ದರು. "ಇಷ್ಟೇನಾ ವಿಷಯ? ಯಾವುದು ತಲೆ ಯಾವುದು ಕಾಲು ಅಂತ ಗೊತ್ತಾಗ್ಬೇಕು, ಅಷ್ಟೇ ತಾನೇ?" ಎಂದು ಮದ್ರಾಸಿನವನನ್ನು ಕೇಳಿದರು. "ತಲೆ ಇರೋ ಕಡೆ ಹಣೆಗೆ ಕುಂಕುಮ ಇಟ್ರಾಯ್ತು. ಅಂಚಿನ ಮೇಲೆ ಇಟ್ರೆ ಕಟ್ಟಿನ ಮೇಲಿಂದಾನೇ ಕಾಣುತ್ತೆ. ಕೆಂಪು ಕಾಣದೆ ಇರೋದು ತಲೆಕೆಳಗಾಗಿದೆ ಅಂತ." ಮದ್ರಾಸಿನವನು ಜೇಬಿನಿಂದ ನೋಟ್‌ಬುಕ್ ತೆಗೆದು ಅದನ್ನು ಬರೆದುಕೊಂಡ. ಅಮ್ಮಾವ್ರು ಓದಿದ್ದು ಎರಡನೇ ಕ್ಲಾಸು.

ಅವತ್ತಿನಿಂದ ಮೂರು ದಿನ ಎಲ್ಲರೂ ಸೇರಿ ಚೀಲ ಬಿಚ್ಚಿ, ಪ್ರತಿ ಕಾರ್ಡನ್ನೂ ನೆಟ್ಟಗೆ ನಿಲ್ಲಿಸಿ, ಮೇಲಂಚಿಗೆ ಕುಂಕುಮ ಹಚ್ಚಿ, ಮತ್ತೆ ಸೂಜಿ ತೂರಿಸಿ ಅಲ್ಲಾಡಿಸಿದೆವು. ಈ ಸಲ ಪ್ರತಿ ಚೀಲವೂ ಹೊರಡುವ ಮುಂಚೆ ಗುಂಡೂರಾಯರ ಮುಂದೆ ಹೋಗಬೇಕೆಂದು ಯಜಮಾನರು ಆಜ್ಞೆ ಮಾಡಿದರು. ರಾಯರು ನಶ್ಯ ಏರಿಸಿಕೊಂಡು ವಿಳಾಸ ನೋಡಿ "ಹೂಂ" ಎನ್ನುವರು, ಒಮ್ಮೊಮ್ಮೆ "ಇವನ ತಮ್ಮನಿಗೂ ಒಂದು ಹಾಕಯ್ಯ, ನಿನ್ನ ಕಾರ್ಡಿಗೆ ತಮ್ಮ ಹುಟ್ಟಿದ್ದು ಗೊತ್ತಿಲ್ಲ" ಎನ್ನುವರು. ತಲೆ ಖಾಲಿಯಾಗುತ್ತದೆಂಬ ಭಯ ಅವರಿಗೆ ಆಮೇಲೆ ಬಂದಂತೆ ಕಾಣಲಿಲ್ಲ. ಕೊನೆಯ ಚೀಲ ಅಂಚೆ ಕಚೇರಿಯ ಒಳಗೆ ಹೋದ ಮೇಲೆಯೇ ಮೊದಲ ಹನಿ ಬಿತ್ತು. ಆ ವರ್ಷ ಒಂದು ಪೊಟ್ಟಣವೂ ತಪ್ಪಿ ಹೋಗಲಿಲ್ಲ, ಒಂದೂ ವಾಪಸು ಬರಲಿಲ್ಲ. ತಿಂಗಳ ಕೊನೆಗೆ ಯಜಮಾನರು ಕರೆದು, "ಅಮ್ಮಾವ್ರು ಇಟ್ಕೊಳ್ಳಿ ಅಂದ್ರು. ಖಾಯಂ," ಎಂದರು. ಅದರ ಕಾಗದವನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಸಿ ಕೊಟ್ಟರು.

ಅದನ್ನು ಹಿಡಿದು ಇಟ್ಟಮಡುವಿಗೆ ಬಂದಾಗ ಅಪ್ಪ ಜಗಲಿಯ ಮೇಲಿದ್ದರು, ಅವ್ವ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಅಪ್ಪ ಕಾಗದವನ್ನು ಎರಡೂ ಕಡೆ ನೋಡಿ, "ಖಾಯಂ ಅಂದ್ರೆ ಇನ್ಮ್ಯಾಕೆ ಬಿಡಿಸಾಕಿಲ್ವಾ? ಒಳ್ಳೇದಾತು. ಅದೆಂಥ ಮಿಷಿನ್ನು ಅಂತೀಯಲ್ಲ, ಅದ್ರಾಗೆ ನೀನು ಮಾಡೋದೇನ್ಲಾ?" ಎಂದು ಕೇಳಿದರು. ನಾನು ಉತ್ಸಾಹದಿಂದ ಎದ್ದು ನಿಂತು, ಎರಡೂ ಕೈಯಲ್ಲಿ ಗಾಳಿಯನ್ನು ಎತ್ತಿ ಹಿಡಿದು, ಹೀಗೆ ಎತ್ತುವುದು, ಹೀಗೆ ಅಲ್ಲಾಡಿಸುವುದು, ಬೇಕಾದ್ದು ಕೆಳಗೆ ಬೀಳುತ್ತದೆ, ಬೇಡದ್ದು ಮೇಲೆ ಉಳಿಯುತ್ತದೆ ಎಂದು ಕುಣಿದು ತೋರಿಸಿದೆ.

ಅಪ್ಪ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅವ್ವನ ಕೈಯ ಮೊರವನ್ನು ನೋಡಿದರು. "ನಿಮ್ಮವ್ವ ದಿನಾ ಮಾಡ್ತಾಳಲ್ಲೋ ಅದ್ನ. ಇದ್ಕೆ ಬಿಎಸ್ಸಿ ಬೇಕಾಯ್ತಾ?"

ನನಗೆ ರೋಷ ಬಂತು. ಇದರಲ್ಲಿ ವಿಜ್ಞಾನವಿದೆ ಎಂದು ತೋರಿಸಲೇಬೇಕೆನ್ನಿಸಿತು. "ಕೊಡವ್ವ ಇಲ್ಲಿ," ಎಂದು ಮೊರ ಕಿತ್ತುಕೊಂಡು, ಖಾಯಂ ನೌಕರನ ಗತ್ತಿನಲ್ಲಿ ಎತ್ತಿ ಅಲ್ಲಾಡಿಸಿದೆ. ರಾಗಿಯೆಲ್ಲ ಅಂಗಳಕ್ಕೆ ಹೋಯಿತು. ಹೊಟ್ಟು ನನ್ನ ಮುಖಕ್ಕೆ ಬಂತು. ಮೊರ ಬರಿದಾಗಿ ಕೈಯಲ್ಲಿ ಉಳಿಯಿತು. ಅವ್ವ ನೆಲದ ಮೇಲಿನ ಕಾಳು ಬಳಿಯುತ್ತಾ, "ಇರ್ಲಿ ಬುಡು ಮಗ, ನಿಂಗೆ ಅಲ್ಲಿ ಖಾಯಂ ಆಗೈತಲ್ಲ, ಇಲ್ಲಿ ಆಗೋದು ಬ್ಯಾಡ," ಎಂದಳು.